ತೇಲುವ ಧೂಳು, ಕುಳಿತ ಧೂಳು: ಲೆಕ್ಕಪತ್ರಕ್ಕೆ ಬಾರದ ಒಂದು ವೆಚ್ಚ

ನಮ್ಮ ರಾಜ್ಯದ ನೆಲದಲ್ಲಿ ಕಲ್ಲಿದ್ದಲಿನ ಗಣಿಗಾರಿಕೆ ಇಲ್ಲ. ಆದರೂ ರಾಯಚೂರು, ಬಳ್ಳಾರಿಗಳ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಿಂದ ಹಿಡಿದು ಕಲಬುರಗಿ ಸೀಮೆಯ ಸಿಮೆಂಟ್ ಗೂಡುಗಳವರೆಗೆ ನಮ್ಮ ಅನೇಕ ಉದ್ಯಮಗಳು ಹೊರಗಿನಿಂದ ಬರುವ ಕಲ್ಲಿದ್ದಲನ್ನೇ ನೆಚ್ಚಿಕೊಂಡಿವೆ. ಖರೀದಿಯ ಮಾತುಕತೆಗೆ ಕುಳಿತಾಗ ನಾವು ಕೇಳುವ ಪ್ರಶ್ನೆಗಳು ಗೊತ್ತಿರುವವೇ: ಉಷ್ಣಮೌಲ್ಯವೆಷ್ಟು, ಬೂದಿಯ ಅಂಶವೆಷ್ಟು, ತೇವಾಂಶವೆಷ್ಟು, ರೈಲ್ವೆ ಸಾಗಣೆ ದರವೆಷ್ಟು. ಆ ಕಲ್ಲಿದ್ದಲನ್ನು ಕಡಿದವರ ಶ್ವಾಸಕೋಶದಲ್ಲಿ ಎಷ್ಟು ಉಳಿಯಿತು, ಕಡಿದ ಸುರಂಗದ ಗೋಡೆಯ ಮೇಲೆ ಎಷ್ಟು ಕುಳಿತಿತು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಬೇಕೆಂಬುದೇ ಈ ಲೇಖನದ ಆಶಯ. ವೃತ್ತಿಜೀವನದ ಆರಂಭದ ಕೆಲವು ವರ್ಷಗಳನ್ನು ಭೂಗರ್ಭ ಗಣಿಯೊಂದರ ವಾಯುಸಂಚಾರ ವಿಭಾಗದಲ್ಲಿ ಕಳೆದು, ಬಳಿಕ ಉದ್ಯಮದ ಕಡೆಗೆ ಬಂದವನಾಗಿ ಈ ಮಾತುಗಳನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

ಎಲ್ಲ ಧೂಳೂ ಒಂದೇ ಅಲ್ಲ

ಧೂಳಿನ ವಿಷಯದಲ್ಲಿ ನಮ್ಮನ್ನು ಮೊದಲು ದಾರಿ ತಪ್ಪಿಸುವುದು ನಮ್ಮ ಕಣ್ಣು. ಕಲ್ಲಿದ್ದಲನ್ನು ಕಡಿದಾಗ, ಸಿಡಿಸಿದಾಗ, ಬೆಲ್ಟಿನಿಂದ ಬೆಲ್ಟಿಗೆ ಸುರಿದಾಗ ಏಳುವ ಧೂಳಿನಲ್ಲಿ ನಾನಾ ಗಾತ್ರದ ಕಣಗಳಿರುತ್ತವೆ. ಅವು ಎಷ್ಟು ಬೇಗ ಕೆಳಗಿಳಿಯುತ್ತವೆ ಎಂಬುದು ಅವುಗಳ ವ್ಯಾಸದ ವರ್ಗವನ್ನು ಅವಲಂಬಿಸಿದೆ. ವ್ಯಾಸ ಹತ್ತನೇ ಒಂದು ಭಾಗಕ್ಕೆ ಇಳಿದರೆ ಇಳಿಯುವ ವೇಗ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಟೋಕ್ಸ್ ರೂಪಿಸಿದ ಈ ಸೂತ್ರವನ್ನು ಎರಡು ಮೀಟರ್ ಎತ್ತರದ ಒಂದು ಸುರಂಗಕ್ಕೆ ಅನ್ವಯಿಸಿ ನೋಡೋಣ. 100 ಮೈಕ್ರಾನ್ ವ್ಯಾಸದ ಕಣವು ಚಾವಣಿಯಿಂದ ನೆಲಕ್ಕೆ ಆರೇಳು ಸೆಕೆಂಡುಗಳಲ್ಲಿ ಇಳಿಯುತ್ತದೆ. 10 ಮೈಕ್ರಾನ್ ಕಣಕ್ಕೆ ಸುಮಾರು ಎಂಟು ನಿಮಿಷ ಬೇಕು. 5 ಮೈಕ್ರಾನ್ ಕಣಕ್ಕೆ ಅರ್ಧ ಗಂಟೆಗೂ ಹೆಚ್ಚು ಸಮಯ ಹಿಡಿಯುತ್ತದೆ. 1 ಮೈಕ್ರಾನ್ ಕಣಕ್ಕೆ ಹನ್ನೆರಡು ಗಂಟೆಗಳ ಆಸುಪಾಸು ಬೇಕಾಗುತ್ತದೆ. ಅಂದರೆ ಒಂದು ಪಾಳಿಯಲ್ಲಿ ಎದ್ದ ಧೂಳು ಮುಂದಿನ ಪಾಳಿಯವರ ಉಸಿರಿಗೂ ಸಿಗುವಂತೆ ತೇಲುತ್ತಲೇ ಇರುತ್ತದೆ.

ಇದು ನಿಶ್ಚಲ ಗಾಳಿಯ ಲೆಕ್ಕ. ಗಣಿಯಲ್ಲಿ ಗಾಳಿ ಎಂದೂ ನಿಶ್ಚಲವಾಗಿರುವುದಿಲ್ಲ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಗಾಳಿ ಹರಿಯುತ್ತಿದ್ದರೆ ನೂರು ಮೈಕ್ರಾನಿನ ಕಣ ಆರೇಳು ಮೀಟರು ದೂರದಲ್ಲೇ ನೆಲ ಸೇರುತ್ತದೆ. ಹತ್ತು ಮೈಕ್ರಾನಿನದು ಸುಮಾರು ಅರ್ಧ ಕಿಲೋಮೀಟರ್ ಪ್ರಯಾಣ ಮಾಡುತ್ತದೆ. ಒಂದು ಮೈಕ್ರಾನಿನದು ಗಾಳಿಯೊಡನೆ ಗಣಿಯಿಂದ ಹೊರಬೀಳುವವರೆಗೆ ಇಳಿಯುವುದೇ ಅಪರೂಪ. ಸುರಂಗದ ತಿರುವುಗಳಲ್ಲಿ, ಯಂತ್ರಗಳ ಹಿಂಬದಿಯಲ್ಲಿ ಏಳುವ ಸುಳಿಗಳು ಈ ಅಂತರಗಳನ್ನು ಇನ್ನಷ್ಟು ಹಿಗ್ಗಿಸುತ್ತವೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ‘ಧೂಳು ಇಳಿಯಿತು’ ಎಂದು ಕಣ್ಣು ಹೇಳುವ ಹೊತ್ತಿಗೆ ಇಳಿದಿರುವುದು ದಪ್ಪ ಕಣಗಳು ಮಾತ್ರ. ಶ್ವಾಸಕೋಶದ ಆಳಕ್ಕೆ ಹೋಗಬಲ್ಲ ಸೂಕ್ಷ್ಮ ಕಣಗಳು ಕಣ್ಣಿಗೆ ಕಾಣದೆ ಅಲ್ಲಿಯೇ ಇವೆ. ಎರಡು, ಕಲ್ಲಿದ್ದಲು ಕಡಿಯುವ ಮುಖದ ಬಳಿ ದಪ್ಪ ಧೂಳು ಬಿದ್ದರೆ, ಗಾಳಿ ಹಿಂತಿರುಗುವ ಮಾರ್ಗದುದ್ದಕ್ಕೂ ನಯವಾದ, ಒಣಗಿದ, ಸುಲಭವಾಗಿ ಮತ್ತೆ ಏಳಬಲ್ಲ ಧೂಳು ತೆಳುವಾದ ಪದರವಾಗಿ ಕುಳಿತುಕೊಳ್ಳುತ್ತದೆ. ಮೊದಲನೆಯದು ರೋಗದ ಕಥೆ, ಎರಡನೆಯದು ಸ್ಫೋಟದ ಕಥೆ.

ತೇಲುವ ಧೂಳು

ಹತ್ತು ಮೈಕ್ರಾನಿಗಿಂತ ಸಣ್ಣ ಕಣಗಳಲ್ಲಿ, ಅದರಲ್ಲಿಯೂ ಐದಕ್ಕಿಂತ ಕೆಳಗಿನವುಗಳಲ್ಲಿ, ಒಂದು ಪಾಲು ಮೂಗು ಗಂಟಲುಗಳ ಕಾವಲನ್ನು ದಾಟಿ ಶ್ವಾಸಕೋಶದ ಗಾಳಿಗೂಡುಗಳನ್ನು ಸೇರುತ್ತದೆ. ಅಲ್ಲಿ ಅದು ವರ್ಷಗಟ್ಟಲೆ ಉಳಿದು ಅಂಗಾಂಶವನ್ನು ಗಟ್ಟಿಗೊಳಿಸುತ್ತದೆ. ಇದೇ ನ್ಯೂಮೋಕೋನಿಯಾಸಿಸ್, ಜನರ ಮಾತಿನಲ್ಲಿ ಕಪ್ಪು ಶ್ವಾಸಕೋಶ ರೋಗ. ಇದಕ್ಕೆ ಗುಣವಾಗುವ ಚಿಕಿತ್ಸೆ ಇಲ್ಲ. ಕಲ್ಲಿದ್ದಲಿನ ಜೊತೆಗೆ ಮೇಲಿನ ಅಥವಾ ಕೆಳಗಿನ ಬಂಡೆಯನ್ನೂ ಯಂತ್ರ ಕೊಚ್ಚಿದಾಗ ಧೂಳಿನಲ್ಲಿ ಸಿಲಿಕಾ ಸೇರಿಕೊಂಡು ಹಾನಿ ತೀವ್ರಗೊಳ್ಳುತ್ತದೆ. ಸಿಲಿಕಾದ ಪರಿಚಯ ಕನ್ನಡ ನಾಡಿಗೆ ಹೊಸದಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಸಿಲಿಕೋಸಿಸ್ ವ್ಯಾಪಕವಾಗಿದ್ದುದು 1940ರ ದಶಕದ ತಪಾಸಣೆಗಳಲ್ಲಿಯೇ ದಾಖಲಾಗಿತ್ತು. ಚಿನ್ನದ ಲೆಕ್ಕ ಗ್ರಾಂಗಳಲ್ಲಿ ಉಳಿದಿದೆ; ಉಸಿರಿನ ಲೆಕ್ಕ ಆ ಊರಿನ ಕುಟುಂಬಗಳಲ್ಲಿ ಮಾತ್ರ ಉಳಿದಿದೆ.

ಈ ರೋಗ ಹಳೆಯ ಕಾಲದ್ದು, ಯಂತ್ರಗಳು ಬಂದ ಮೇಲೆ ಮುಗಿದ ಅಧ್ಯಾಯ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಎರಡು ಮುಂದುವರಿದ ದೇಶಗಳ ಅನುಭವ ಇದನ್ನು ಸುಳ್ಳಾಗಿಸಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಮೂವತ್ತು ವರ್ಷಗಳ ಕಾಲ ಹೊಸ ರೋಗಿಯೇ ಇಲ್ಲವೆಂದು ನಂಬಲಾಗಿತ್ತು. 2015ರಲ್ಲಿ ರೋಗ ಮತ್ತೆ ಪತ್ತೆಯಾಯಿತು. ಹಿಂದಿನ ಎಕ್ಸ್-ರೇ ಚಿತ್ರಗಳನ್ನು ನುರಿತವರು ಪುನಃ ಓದಿದಾಗ ಕಂಡುಬಂದದ್ದು ಇಷ್ಟೇ: ರೋಗ ಹೋಗಿರಲಿಲ್ಲ, ನೋಡುವ ವ್ಯವಸ್ಥೆ ಹೋಗಿತ್ತು. ಅಮೆರಿಕದಲ್ಲಿ 1969ರ ಕಾನೂನಿನ ನಂತರ ಉಸಿರಾಡುವ ಧೂಳಿನ ಮಿತಿಯನ್ನು ಘನ ಮೀಟರಿಗೆ 2 ಮಿಲಿಗ್ರಾಂಗೆ ಇಳಿಸಲಾಯಿತು. 2016ರಿಂದ ಅದು 1.5 ಮಿಲಿಗ್ರಾಂ. ಅಷ್ಟಾದರೂ 2018ರಲ್ಲಿ ಪ್ರಕಟವಾದ ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆಯ ವರದಿಯ ಪ್ರಕಾರ, ಮಧ್ಯ ಅಪಲೇಚಿಯಾ ಪ್ರದೇಶದಲ್ಲಿ 25 ವರ್ಷ ಅಥವಾ ಹೆಚ್ಚು ಕಾಲ ದುಡಿದ ಗಣಿ ಕಾರ್ಮಿಕರಲ್ಲಿ ಐವರಲ್ಲಿ ಒಬ್ಬರಿಗೆ ಈ ರೋಗವಿತ್ತು. ತೆಳುವಾದ ಸ್ತರಗಳನ್ನು ಬೆನ್ನಟ್ಟಿ ಬಂಡೆಯನ್ನೂ ಕೊಚ್ಚಿದ್ದು ಇದರ ಮುಖ್ಯ ಕಾರಣಗಳಲ್ಲಿ ಒಂದು. ಯಂತ್ರ ಬಂದದ್ದರಿಂದ ಧೂಳು ಕಡಿಮೆಯಾಗುವುದಿಲ್ಲ. ವೇಗವಾಗಿ ಕೊಚ್ಚುವ ಯಂತ್ರ ವೇಗವಾಗಿಯೇ ಧೂಳನ್ನೂ ಉತ್ಪಾದಿಸುತ್ತದೆ.

ಕುಳಿತ ಧೂಳು

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯ ಗಣಿ ಸರ್ದಾರರು ನನ್ನನ್ನು ಹಿಂತಿರುಗು ಗಾಳಿಯ ಮಾರ್ಗದಲ್ಲಿ ಕರೆದುಕೊಂಡು ಹೋಗಿ, ಚಾವಣಿಗೆ ಆಧಾರವಾಗಿದ್ದ ಕಬ್ಬಿಣದ ತೊಲೆಯ ಮೇಲೆ ಬೆರಳಾಡಿಸಿ ತೋರಿಸಿದ್ದರು. ‘ನೆಲ ಗುಡಿಸಿದ್ದೇವೆ ಸಾರ್, ಇದನ್ನು ಯಾರೂ ಗುಡಿಸೋದಿಲ್ಲ’ ಎಂದರು. ಅವರ ಬೆರಳ ತುದಿಯಲ್ಲಿದ್ದದ್ದು ಮುಖಕ್ಕೆ ಹಚ್ಚುವ ಪುಡಿಯಷ್ಟು ನಯವಾಗಿತ್ತು. ಅದರ ಅರ್ಥ ನನಗೆ ಆದದ್ದು ಲೆಕ್ಕ ಹಾಕಿ ನೋಡಿದ ಮೇಲೆ.

ಕಲ್ಲಿದ್ದಲಿನ ಧೂಳು ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 50 ಗ್ರಾಂ ಆದಾಗ ಸ್ಫೋಟಿಸಬಲ್ಲದು. ಇದು ಉಸಿರಾಟಕ್ಕೆ ನಿಗದಿಯಾದ ಮಿತಿಯ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಅಷ್ಟು ದಟ್ಟವಾದ ಧೂಳಿನಲ್ಲಿ ಪಕ್ಕದ ದೀಪವೂ ಕಾಣದು, ಯಾರೂ ನಿಂತು ಕೆಲಸ ಮಾಡಲಾರರು. ಹಾಗಾದರೆ ಅಪಾಯವೆಲ್ಲಿ? ಎರಡು ಮೀಟರ್ ಎತ್ತರದ ಸುರಂಗದ ನೆಲದ ಮೇಲೆ ಕೇವಲ 0.2 ಮಿಲಿಮೀಟರ್, ಅಂದರೆ ಎರಡು ಹಾಳೆ ಕಾಗದದಷ್ಟು ದಪ್ಪದ ಪದರ ಕುಳಿತಿದೆ ಎನ್ನೋಣ. ಸಡಿಲವಾಗಿ ಕುಳಿತ ಅಂಥ ಧೂಳು ಚದರ ಮೀಟರಿಗೆ ಸರಿಸುಮಾರು 100 ಗ್ರಾಂ ತೂಗುತ್ತದೆ. ಅದೆಲ್ಲ ಒಮ್ಮೆಲೇ ಎದ್ದರೆ ಘನ ಮೀಟರಿಗೆ 50 ಗ್ರಾಂ ಆಯಿತು. ಗೋಡೆ, ತೊಲೆ, ಕೇಬಲ್ಲುಗಳ ಮೇಲಿನದನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಎಲ್ಲಿಯೋ ಒಂದು ಕಡೆ ಸ್ವಲ್ಪ ಮೀಥೇನ್ ಹೊತ್ತಿಕೊಂಡು ಅದರ ಒತ್ತಡದ ಅಲೆ ಮುಂದೆ ಓಡಿದರೆ, ಆ ಅಲೆಯೇ ಕುಳಿತ ಧೂಳನ್ನು ಎಬ್ಬಿಸುತ್ತದೆ. ಹಿಂದೆ ಬರುವ ಜ್ವಾಲೆ ಅದನ್ನು ಉರಿಸುತ್ತದೆ. ಆ ಉರಿಯೇ ಮುಂದಿನ ಅಲೆಗೆ ಬಲ ಕೊಡುತ್ತದೆ. ಗಣಿ ತನಗೆ ತಾನೇ ಇಂಧನ ಒದಗಿಸಿಕೊಳ್ಳುತ್ತದೆ.

1906ರ ಮಾರ್ಚ್ 10ರಂದು ಉತ್ತರ ಫ್ರಾನ್ಸಿನ ಕುರಿಯೇರ್ ಗಣಿಯಲ್ಲಿ ನಡೆದದ್ದು ಇದೇ. ಮೀಥೇನಿನ ಭಯವಿಲ್ಲದ ಗಣಿಯೆಂದು ಪರಿಗಣಿಸಲಾಗಿದ್ದ ಅಲ್ಲಿ 1,099 ಮಂದಿ ಸತ್ತರು. 1942ರಲ್ಲಿ ಚೀನಾದ ಬೆನ್‌ಶಿ ಗಣಿಯಲ್ಲಿ ಅನಿಲ ಮತ್ತು ಧೂಳಿನ ಸ್ಫೋಟಕ್ಕೆ 1,549 ಮಂದಿ ಬಲಿಯಾದರು. ನಮ್ಮ ದೇಶದಲ್ಲಿ 1965ರ ಮೇ 28ರಂದು ಇಂದಿನ ಜಾರ್ಖಂಡಿನ ಧೋರಿ ಗಣಿಯಲ್ಲಿ ಕಲ್ಲಿದ್ದಲು ಧೂಳಿನ ಸ್ಫೋಟ 268 ಜೀವಗಳನ್ನು ತೆಗೆದುಕೊಂಡಿತು.

ಇದಕ್ಕೆ ಪರಿಹಾರ ಗೊತ್ತಿಲ್ಲದ್ದಲ್ಲ. 1886ರಲ್ಲಿ ಇಂಗ್ಲೆಂಡಿನ ಆಲ್ಟಾಫ್ಟ್ಸ್ ಗಣಿಯಲ್ಲಿ ಸ್ಫೋಟವಾದಾಗ ವಿಲಿಯಂ ಗಾರ್ಫೋರ್ತ್ ಎಂಬ ಗಣಿ ವ್ಯವಸ್ಥಾಪಕರು ಒಂದು ಸಂಗತಿಯನ್ನು ಗಮನಿಸಿದರು: ಕಲ್ಲಿನ ಪುಡಿ ಹರಡಿದ್ದ ಭಾಗಗಳಲ್ಲಿ ಜ್ವಾಲೆ ಮುಂದುವರಿದಿರಲಿಲ್ಲ. ಅವರು 1908ರಿಂದ ನಡೆಸಿದ ಪ್ರಯೋಗಗಳು ಇದನ್ನು ದೃಢಪಡಿಸಿದವು. ಉರಿಯದ ಸುಣ್ಣಕಲ್ಲಿನ ಪುಡಿಯನ್ನು ಸುರಂಗದ ಎಲ್ಲ ಮೈಗಳ ಮೇಲೆ ಎರಚಿದರೆ, ಎದ್ದ ಧೂಳಿನಲ್ಲಿ ಅದೂ ಬೆರೆತು ಶಾಖವನ್ನು ಹೀರಿಕೊಂಡು ಜ್ವಾಲೆಯನ್ನು ನಂದಿಸುತ್ತದೆ. ಅಮೆರಿಕದ ಇಂದಿನ ನಿಯಮದಂತೆ ಕುಳಿತ ಧೂಳಿನ ಮಿಶ್ರಣದಲ್ಲಿ ಉರಿಯದ ವಸ್ತು ಕನಿಷ್ಠ ಶೇಕಡಾ 80 ಇರಬೇಕು. ಪುಡಿಯನ್ನು ಒಮ್ಮೆ ಎರಚಿದರೆ ಸಾಲದು ಎಂಬುದನ್ನು ಇಲ್ಲಿ ನೆನಪಿಡಬೇಕು. ಪ್ರತಿ ಪಾಳಿಯಲ್ಲಿಯೂ ಹೊಸ ಕಲ್ಲಿದ್ದಲು ಧೂಳು ಅದರ ಮೇಲೆ ಇಳಿಯುತ್ತದೆ. ಮೇಲಿನ ಪದರವೇ ಮೊದಲು ಏಳುತ್ತದೆ.

ಒಂದೇ ಗಣಿ, ಎರಡು ಸಾಕ್ಷ್ಯ

ಈ ಎರಡು ಕಥೆಗಳು ಬೇರೆ ಬೇರೆಯಲ್ಲ ಎಂಬುದಕ್ಕೆ 2010ರ ಏಪ್ರಿಲ್ 5ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ 29 ಮಂದಿಯನ್ನು ಬಲಿ ತೆಗೆದುಕೊಂಡ ದುರಂತವೇ ಸಾಕ್ಷಿ. ಸಣ್ಣ ಪ್ರಮಾಣದ ಮೀಥೇನ್ ಹೊತ್ತಿಕೊಂಡದ್ದು ಕಲ್ಲುಪುಡಿ ಸಾಲದ ಮಾರ್ಗಗಳಲ್ಲಿ ಧೂಳಿನ ಸ್ಫೋಟವಾಗಿ ಬೆಳೆಯಿತೆಂದು ತನಿಖೆ ಹೇಳಿತು. ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸಕೋಶದ ಅಂಗಾಂಶ ಪರಿಶೀಲನೆಗೆ ದೊರೆತ 24 ಮಂದಿಯಲ್ಲಿ 17 ಮಂದಿಗೆ ಕಪ್ಪು ಶ್ವಾಸಕೋಶ ರೋಗವಿತ್ತು. ಸ್ಫೋಟ ಕೊಲ್ಲದಿದ್ದರೂ ಅವರ ಶ್ವಾಸಕೋಶವನ್ನು ಆ ಧೂಳು ಆಗಲೇ ಹಿಡಿದಿತ್ತು. ತೇಲುವ ಧೂಳನ್ನು ಅಲಕ್ಷಿಸುವ ಆಡಳಿತ ಕುಳಿತ ಧೂಳನ್ನೂ ಅಲಕ್ಷಿಸುತ್ತದೆ. ಅಲ್ಲಿ ಅಪಾಯಗಳನ್ನು ಬರೆದಿಡಲು ಎರಡು ಬಗೆಯ ಪುಸ್ತಕಗಳಿದ್ದವು. ಒಂದು ತಮಗಾಗಿ, ಇನ್ನೊಂದು ತನಿಖಾಧಿಕಾರಿಗಳಿಗಾಗಿ. ಆ ಕಂಪನಿಯ ಮುಖ್ಯಸ್ಥರಿಗೆ 2016ರಲ್ಲಿ ಒಂದು ವರ್ಷದ ಸೆರೆವಾಸ ವಿಧಿಸಲಾಯಿತು. ಎರಡು ಲೆಕ್ಕಪುಸ್ತಕಗಳ ಅರ್ಥವನ್ನು ವ್ಯಾಪಾರಸ್ಥರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ನಮ್ಮಲ್ಲಿ ಎಲ್ಲಿ ತೊಡಕು?

ನಮ್ಮ ದೇಶದಲ್ಲಿ ಕಾನೂನು ಇಲ್ಲವೆನ್ನಲಾಗದು. 1957ರ ಕಲ್ಲಿದ್ದಲು ಗಣಿ ನಿಯಮಾವಳಿಯ ಸ್ಥಾನದಲ್ಲಿ 2017ರ ನಿಯಮಾವಳಿ ಬಂದಿದೆ. ಅತಿ ಹೆಚ್ಚು ಮಂದಿಯಿರುವ ಪಾಳಿಯ ತಲೆಯೊಂದಕ್ಕೆ ನಿಮಿಷಕ್ಕೆ 6 ಘನ ಮೀಟರ್, ಅಥವಾ ದೈನಿಕ ಉತ್ಪಾದನೆಯ ಟನ್ನಿಗೆ ನಿಮಿಷಕ್ಕೆ 2.5 ಘನ ಮೀಟರ್, ಇವೆರಡರಲ್ಲಿ ಹೆಚ್ಚಿನಷ್ಟು ಗಾಳಿ ಒದಗಿಸಬೇಕೆಂಬ ನಿಯಮವಿದೆ. ಎಂಟು ಗಂಟೆಗಳ ಸರಾಸರಿಯ ಮೇಲೆ ಧೂಳಿನ ಮಿತಿ ಇದೆ. ಸಿಲಿಕಾ ಹೆಚ್ಚಿದಂತೆ ಅದು ಬಿಗಿಯಾಗುತ್ತದೆ. ಆದರೆ ಅಳತೆ ಮಾಡುವವನು ಗಣಿಯ ನೌಕರನೇ. ನಾನು ಕೆಲಸ ಮಾಡುತ್ತಿದ್ದ ಗಣಿಯಲ್ಲಿ ಒಮ್ಮೆ ಮಾದರಿ ಸಂಗ್ರಹಿಸುವ ಉಪಕರಣವನ್ನು ಯಂತ್ರದ ಹಿಂದೆ ತೂಗುಹಾಕುವ ಬದಲು, ತಾಜಾ ಗಾಳಿ ಒಳಬರುವ ಮಾರ್ಗದಲ್ಲಿ ತೂಗುಹಾಕಿದ್ದನ್ನು ಕಂಡೆ. ಅಂದು ಬಂದ ಫಲಿತಾಂಶ ಅತ್ಯುತ್ತಮವಾಗಿತ್ತು. ಅದನ್ನು ಪ್ರಶ್ನಿಸದೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಇಷ್ಟು ವರ್ಷಗಳ ನಂತರವೂ ಆ ಸಹಿ ನನ್ನನ್ನು ಬಿಟ್ಟಿಲ್ಲ.

ಧೂಳಿನ ನಿಯಂತ್ರಣ ಒಂದು ಸರಳ ಆಜ್ಞೆಯಿಂದ ಆಗುವಂಥದಲ್ಲ ಎಂಬುದನ್ನೂ ಒಪ್ಪಬೇಕು. ಗಾಳಿ ಕಡಿಮೆಯಾದರೆ ಸೂಕ್ಷ್ಮ ಧೂಳು ಕದಲದೆ ನಿಲ್ಲುತ್ತದೆ. ಅತಿ ಹೆಚ್ಚಾದರೆ ಕುಳಿತದ್ದೂ ಏಳುತ್ತದೆ. ನೀರು ಸಿಂಪಡಿಸಿದರೆ ಸಾಕೆಂಬ ಮಾತೂ ಅರ್ಧ ಸತ್ಯ. ದಪ್ಪ ಹನಿಯ ಸುತ್ತ ಗಾಳಿ ಸರಿದು ಹೋಗುವಾಗ ಸೂಕ್ಷ್ಮ ಕಣವೂ ಅದರೊಡನೆ ಸರಿದುಬಿಡುತ್ತದೆ. ಅದನ್ನು ಹಿಡಿಯಲು ಸಣ್ಣ ಹನಿ ಬೇಕು, ಸಣ್ಣ ಹನಿಗೆ ಒತ್ತಡವೂ ಶುದ್ಧ ನೀರೂ ಬೇಕು, ಕಟ್ಟಿಕೊಳ್ಳದ ನಾಜಲ್ ಬೇಕು. ಧೂಳು ಎದ್ದ ಮೇಲೆ ಹಿಡಿಯುವುದಕ್ಕಿಂತ ಕೊಚ್ಚುವ ಹಲ್ಲಿನ ಬುಡದಲ್ಲಿಯೇ ನೆನೆಸುವುದು ಹೆಚ್ಚು ಫಲಕಾರಿ. ಎರಚುವ ಕಲ್ಲುಪುಡಿಯಲ್ಲಿ ಸಿಲಿಕಾ ಹೆಚ್ಚಿದ್ದರೆ ಸ್ಫೋಟವನ್ನು ತಡೆಯಲು ಹೋಗಿ ರೋಗವನ್ನು ಕರೆದಂತಾಗುತ್ತದೆ. ಈ ಪ್ರತಿಯೊಂದು ಹೆಜ್ಜೆಯಲ್ಲಿಯೂ ತಾಂತ್ರಿಕ ಜಾಣ್ಮೆ ಬೇಕು, ಹಣವೂ ಬೇಕು.

ಒಂದು ಆಕ್ಷೇಪಕ್ಕೆ ಉತ್ತರ

ಸದಸ್ಯರಲ್ಲಿ ಕೆಲವರು ಹೀಗೆ ಕೇಳಬಹುದು: ದೇಶದ ಕಲ್ಲಿದ್ದಲಿನಲ್ಲಿ ಭೂಗರ್ಭ ಗಣಿಗಳ ಪಾಲು ಶೇಕಡಾ 5ಕ್ಕಿಂತಲೂ ಕಡಿಮೆ, ಉಳಿದದ್ದೆಲ್ಲ ತೆರೆದ ಗಣಿಗಳದು. ಹೀಗಿರುವಾಗ ಇಷ್ಟೊಂದು ಆತಂಕವೇಕೆ? ಹೊಸ ನಿಯಮಗಳೆಂದರೆ ಹೊಸ ಇನ್‌ಸ್ಪೆಕ್ಟರುಗಳು, ಹೊಸ ವೆಚ್ಚ ಎಂಬ ಅಂಜಿಕೆಯೂ ಸಹಜವೇ.

ನನ್ನ ಉತ್ತರ ಹೀಗಿದೆ. 2020ರಿಂದ ವಾಣಿಜ್ಯ ಗಣಿಗಾರಿಕೆಯ ಹರಾಜು ಆರಂಭವಾಗಿ ಖಾಸಗಿ ಉದ್ಯಮ ಈ ಕ್ಷೇತ್ರಕ್ಕೆ ಕಾಲಿಟ್ಟಿದೆ. ಭೂಗರ್ಭ ಉತ್ಪಾದನೆಯನ್ನು 2030ರ ವೇಳೆಗೆ 10 ಕೋಟಿ ಟನ್ನುಗಳಿಗೆ ಏರಿಸುವ ಗುರಿಯನ್ನು ಕೇಂದ್ರ ಸರ್ಕಾರ ಇಟ್ಟುಕೊಂಡಿದೆ. ಅಂದರೆ ಇನ್ನು ಮುಂದೆ ನೆಲದಡಿಯಲ್ಲಿ ನಡೆಯುವ ಕೆಲಸ ಹೆಚ್ಚಲಿದೆ. ಅದೂ ನಿರಂತರವಾಗಿ ಕೊಚ್ಚುವ ಯಂತ್ರಗಳಿಂದ ಮತ್ತು ಗುತ್ತಿಗೆ ಕಾರ್ಮಿಕರಿಂದ. ಗುತ್ತಿಗೆ ಮುಗಿದೊಡನೆ ಕಾರ್ಮಿಕ ಊರಿಗೆ ಹಿಂತಿರುಗುತ್ತಾನೆ. ರೋಗ ಕಾಣಿಸಿಕೊಳ್ಳುವುದು ಹತ್ತಿಪ್ಪತ್ತು ವರ್ಷಗಳ ನಂತರ. ಆಗ ಅವನು ಯಾವ ಗಣಿಯ ದಾಖಲೆಯಲ್ಲಿಯೂ ಇರುವುದಿಲ್ಲ. ನಮಗೆ ಅಗ್ಗವಾಗಿ ದೊರೆತ ಕಲ್ಲಿದ್ದಲಿನ ಉಳಿದ ಬೆಲೆಯನ್ನು ಅವನ ಮನೆಯವರು ಔಷಧಿಯಂಗಡಿಯಲ್ಲಿ ಕಂತುಕಂತಾಗಿ ತೆರುತ್ತಾರೆ. ಇದನ್ನು ಸ್ಪರ್ಧಾತ್ಮಕತೆಯೆಂದು ಕರೆಯುವುದು ನನ್ನಿಂದಾಗದು. ನಿಯಮ ಪಾಲಿಸುವ ಗಣಿ ಮಾಲೀಕನ ಕಲ್ಲಿದ್ದಲು ತುಸು ದುಬಾರಿಯಾಗಿ, ಪಾಲಿಸದವನದು ಅಗ್ಗವಾಗಿ ಮಾರಾಟವಾಗುವ ಪೇಟೆ ಪ್ರಾಮಾಣಿಕ ಉದ್ಯಮಿಗೇ ಶಿಕ್ಷೆ ವಿಧಿಸುವ ಪೇಟೆ.

ಇನ್ನು ನಮ್ಮದೇ ಅಂಗಳದ ಮಾತು. ಕುಳಿತ ಧೂಳಿನ ಭೌತಶಾಸ್ತ್ರ ಗಣಿಗೆ ಮಾತ್ರ ಸೀಮಿತವಲ್ಲ. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಸಕ್ಕರೆ ಸಂಸ್ಕರಣಾ ಕಾರ್ಖಾನೆಯೊಂದರಲ್ಲಿ ನೆಲ, ತೊಲೆಗಳ ಮೇಲೆ ಕುಳಿತಿದ್ದ ಸಕ್ಕರೆಯ ಧೂಳು ಎದ್ದು ಸ್ಫೋಟಿಸಿ 14 ಮಂದಿ ಸತ್ತರು. ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ಮಾಲೀಕರು, ಕಲ್ಲಿದ್ದಲು ಅರೆಯುವ ಸ್ಥಾವರಗಳ ವ್ಯವಸ್ಥಾಪಕರು ತಮ್ಮ ಶೆಡ್ಡಿನ ತೊಲೆಗಳ ಮೇಲೊಮ್ಮೆ ಬೆರಳಾಡಿಸಿ ನೋಡಲಿ.

ನಾವು ಮಾಡಬಹುದಾದದ್ದು

ಕೇವಲ ಕಳವಳ ವ್ಯಕ್ತಪಡಿಸಿ ಮುಗಿಸುವುದು ಇಂಥ ಪತ್ರಿಕೆಯ ಲೇಖನಕ್ಕೆ ಶೋಭಿಸುವುದಿಲ್ಲ. ಆದುದರಿಂದ ನಾಲ್ಕು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದು, ಕಲ್ಲಿದ್ದಲಿನ ದೀರ್ಘಾವಧಿ ಖರೀದಿ ಒಪ್ಪಂದಗಳಲ್ಲಿ ಭೂಗರ್ಭ ಗಣಿಯ ಧೂಳಿನ ಅಳತೆಯ ವಾರ್ಷಿಕ ದಾಖಲೆಯನ್ನು ಒದಗಿಸಬೇಕೆಂಬ ಷರತ್ತನ್ನು ನಮ್ಮ ಸದಸ್ಯ ಸಂಸ್ಥೆಗಳು ಸೇರಿಸಲಿ. ಬೂದಿಯ ಅಂಶಕ್ಕೆ ಮೂರನೆಯವರ ಪ್ರಯೋಗಾಲಯದ ಪ್ರಮಾಣಪತ್ರ ಕೇಳುವ ನಾವು ಇದಕ್ಕೂ ಅದನ್ನೇ ಕೇಳಬಹುದು.

ಎರಡನೆಯದು, ಮಾದರಿ ಸಂಗ್ರಹ ಮತ್ತು ಪರೀಕ್ಷೆಯನ್ನು ಗಣಿಯ ಆಡಳಿತದಿಂದ ಬೇರ್ಪಡಿಸಿ ಸ್ವತಂತ್ರ ಸಂಸ್ಥೆಗಳಿಗೆ ವಹಿಸಬೇಕೆಂದು ನಮ್ಮ ಮಹಾಸಂಸ್ಥೆ ಕೇಂದ್ರ ಸರ್ಕಾರಕ್ಕೆ ಮನವಿ ಸಲ್ಲಿಸಲಿ. ಇದರಿಂದ ಇನ್‌ಸ್ಪೆಕ್ಟರುಗಳ ಸಂಖ್ಯೆ ಹೆಚ್ಚುವುದಿಲ್ಲ. ಅಂಕಿಗಳ ಮೇಲಿನ ನಂಬಿಕೆ ಹೆಚ್ಚುತ್ತದೆ.

ಮೂರನೆಯದು, ಕಾರ್ಮಿಕನ ಮೈಮೇಲೆಯೇ ಇದ್ದು ಪಾಳಿಯ ನಡುವೆಯೇ ಧೂಳಿನ ಪ್ರಮಾಣ ತೋರಿಸುವ ಉಪಕರಣಗಳನ್ನು ಅಮೆರಿಕ 2016ರಿಂದ ಕಡ್ಡಾಯಗೊಳಿಸಿದೆ. ವಾರಗಳ ನಂತರ ಬರುವ ಪ್ರಯೋಗಾಲಯದ ವರದಿಗಿಂತ, ಈ ಕ್ಷಣವೇ ‘ಇಲ್ಲಿಂದ ಸರಿ’ ಎಂದು ಹೇಳುವ ಅಂಕಿ ಹೆಚ್ಚು ಉಪಯುಕ್ತ. ಇಂಥ ಉಪಕರಣವನ್ನು ಅಗ್ಗವಾಗಿ, ಸ್ಫೋಟಕ ಅನಿಲದಲ್ಲಿಯೂ ಸುರಕ್ಷಿತವಾಗಿ ತಯಾರಿಸುವ ಸಾಮರ್ಥ್ಯ ಬೆಂಗಳೂರು, ಮೈಸೂರುಗಳ ವಿದ್ಯುನ್ಮಾನ ಉದ್ಯಮಗಳಿಗೆ ಖಂಡಿತ ಇದೆ. ಕೆಜಿಎಫ್, ಮೈಸೂರುಗಳಲ್ಲಿ ಗಣಿ ಯಂತ್ರಗಳನ್ನು ತಯಾರಿಸುವ ಬಿಇಎಂಎಲ್‌ನಂಥ ಸಂಸ್ಥೆ ಇರುವ ರಾಜ್ಯ ನಮ್ಮದು. ಇಲ್ಲಿ ಧರ್ಮಕ್ಕೂ ವ್ಯಾಪಾರಕ್ಕೂ ವಿರೋಧವಿಲ್ಲ.

ನಾಲ್ಕನೆಯದು, ಗುತ್ತಿಗೆ ಕಾರ್ಮಿಕರೂ ಸೇರಿದಂತೆ ಪ್ರತಿಯೊಬ್ಬರ ಎದೆಯ ಎಕ್ಸ್-ರೇ ದಾಖಲೆ ಗಣಿಯ ಕಪಾಟಿನಲ್ಲಿ ಉಳಿಯದೆ ಕಾರ್ಮಿಕನೊಡನೆಯೇ ಹೋಗಬೇಕು. ಕೆಲಸ ಬಿಟ್ಟ ಮೇಲೂ ತಪಾಸಣೆ ಮುಂದುವರಿಯಬೇಕು. ಆ ವೆಚ್ಚವನ್ನು ಟನ್ನಿನ ಬೆಲೆಯಲ್ಲಿಯೇ ಸೇರಿಸಿ ಖರೀದಿದಾರರಾದ ನಾವು ಹಂಚಿಕೊಳ್ಳುವುದು ನ್ಯಾಯ.

ಒಂದು ಮೈಕ್ರಾನಿನ ಕಣ ನೆಲ ಸೇರಲು ಅರ್ಧ ದಿನ ಬೇಕು. ಅದು ಮನುಷ್ಯನೊಬ್ಬನನ್ನು ಹಾಸಿಗೆ ಹಿಡಿಸಲು ಇಪ್ಪತ್ತು ವರ್ಷ ಬೇಕಾಗಬಹುದು. ಇವೆರಡೂ ನಮ್ಮ ಆರ್ಥಿಕ ವರ್ಷದ ಚೌಕಟ್ಟಿನಲ್ಲಿ ಕಾಣುವುದಿಲ್ಲ ಎಂಬ ಮಾತ್ರಕ್ಕೆ ಅವು ವೆಚ್ಚವಲ್ಲ ಎನ್ನಲಾಗದು. ಮಹಾಸಂಸ್ಥೆಯ ಇಂಧನ ಸಮಿತಿ ತನ್ನ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿಕೊಂಡು, ಮೊದಲ ಸಲಹೆಯ ಷರತ್ತಿನ ಕರಡನ್ನಾದರೂ ಸಿದ್ಧಪಡಿಸಬೇಕೆಂದು ವಿನಂತಿಸುತ್ತೇನೆ.